ರಸೀದಿ ಕೇಳು ಎಂದ ಮಾಮಾ

ಮಾಮಾನ ಕೊರಳಲ್ಲಿ ಶೋರೂಮಿನ ನೀಲಿ ಟೈ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ಯಾರೋ ಒಮ್ಮೆ ಕಟ್ಟಿಕೊಟ್ಟ ಗಂಟನ್ನು ಅವರು ಬಿಚ್ಚುತ್ತಲೇ ಇರಲಿಲ್ಲ. ತಲೆಯಿಂದ ತೆಗೆದು, ಮರುದಿನ ತಲೆಯಿಂದಲೇ ಹಾಕಿಕೊಳ್ಳುತ್ತಿದ್ದರು. ನನ್ನ ತಾಯಿಯ ತಮ್ಮ. ಬೀದರ್ ಕಡೆಯವರು, ಮಲ್ಕಾಜ್‌ಗಿರಿಯಲ್ಲಿ ಮನೆ, ಕೊಂಡಾಪುರದ ಕಾರ್ ಶೋರೂಮಿನಲ್ಲಿ ಕೆಲಸ. ಗಿರಾಕಿಗಳ ಜೊತೆ ತೆಲುಗು, ಮೆಕ್ಯಾನಿಕ್‌ಗಳ ಜೊತೆ ಹಿಂದಿ, ನಮ್ಮ ಜೊತೆ ಮಾತ್ರ ಕನ್ನಡ. ಕಾರನ್ನು ಹೊಗಳುವಾಗ ಏರುತ್ತಿದ್ದ ದನಿ ಚಹಾ ಬಂದ ಕೂಡಲೇ ಇಳಿಯುತ್ತಿತ್ತು.

ನಮ್ಮ ಬಳಗದಲ್ಲಿ ಯಾರು ಕಾರು ಕೊಂಡರೂ ಅವರ ಮೂಲಕವೇ. ಮುಂಗಡ ಹಣವನ್ನು ಕುಂಕುಮ ಹಚ್ಚಿದ ಲಕೋಟೆಯಲ್ಲಿಟ್ಟು ಅವರ ಕೈಗೆ ಕೊಟ್ಟರೆ ಮುಗಿಯಿತು. ಸ್ವಂತ ಮಾಮಾನನ್ನು ರಸೀದಿ ಕೇಳುವುದುಂಟೇ?

ನಾನೂ ಹಾಗೇ ಲಕೋಟೆ ಚಾಚಿದೆ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು.

“ನನ್ನ ಕೈಯಾಗ ಕೊಡಬ್ಯಾಡವ್ವ. ಕೌಂಟರಿಗೆ ಹೋಗು, ಕಂಪನಿ ರಸೀದಿ ತಗೊ. ಮಾಡೆಲ್, ಬಣ್ಣ, ಒಟ್ಟು ರೇಟು, ಯಾವಾಗ ಕೊಡ್ತಾರ, ಬ್ಯಾಡಂದ್ರ ಎಷ್ಟು ವಾಪಸ್ ಬರ್ತೈತಿ, ಎಲ್ಲಾ ಬರಿಸ್ಕೊ, ಸಹಿ ಹಾಕಿಸ್ಕೊ.”

ಸುತ್ತ ಜನ. ನನಗೆ ಮುಖ ಎತ್ತಲಾಗಲಿಲ್ಲ. “ನಿಮ್ಮ ಮ್ಯಾಲೆ ನಂಬಿಕಿ ಇಲ್ಲಂದಂಗ ಆಗೂದಿಲ್ಲೇನ್ರಿ ಮಾಮಾ?” ಎಂದೆ.

“ನಂಬಿಕಿ ಇರ್ಲಿ. ರಸೀದಿನೂ ಇರ್ಲಿ.”

ಆಮೇಲೆ ಚಹಾ ಕುಡಿಯುತ್ತ ಕಾರಣ ಹೇಳಿದರು. ನನ್ನ ದೊಡ್ಡಮ್ಮ ಮಗನ ಮದುವೆಗೆಂದು ಅವರ ಹತ್ತಿರ ಕಾರು ಹೇಳಿದ್ದಳು. ತಿಂಗಳ ಕೊನೆಯ ಟಾರ್ಗೆಟ್ ಮುಟ್ಟಿಸಲು ಶೋರೂಮಿನವರು ಆ ಕಾರನ್ನು ಅವಸರದಲ್ಲಿದ್ದ ಇನ್ನೊಬ್ಬ ಗಿರಾಕಿಗೆ ಕೊಟ್ಟುಬಿಟ್ಟರು. ಮಾಮಾ ಹೂಂ ಅಂದಿದ್ದರು. ದೊಡ್ಡಮ್ಮನ ಬಳಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಮದುವೆ ಬಾಡಿಗೆ ಕಾರಿನಲ್ಲಿ ನಡೆಯಿತು.

“ಅಕ್ಕ ಒಂದು ಮಾತು ಬೈಲಿಲ್ಲ. ಊಟಕ್ಕ ಕೂತಾಗ ಇನ್ನೊಂದು ಹೋಳಿಗಿ ಹಾಕಿದ್ಲು. ನುಂಗಾಕ ಆಗಲಿಲ್ಲ ನನಗ.”

ನಾನು ಮುಂಗಡ ಕಟ್ಟಿ ರಸೀದಿ ಬರೆಸಿಕೊಂಡ ತಿಂಗಳ ಕೊನೆಗೆ ನನ್ನ ಕಾರಿಗೂ ಅದೇ ಗತಿ ಬಂತು. ಸ್ಟಾಕ್ ಇನ್ನೂ ಬಂದಿಲ್ಲ, ಇನ್ನಷ್ಟು ದಿನ ಕಾಯಿರಿ ಎಂದ ಮ್ಯಾನೇಜರ್. ಮಾಮಾ ಅವನ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದರು. ನಾನು ಸಹಿಯಾದ ಕಾಗದವನ್ನು ಮೇಜಿನ ಮೇಲಿಟ್ಟು, ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಎಂದೆ. ಮ್ಯಾನೇಜರನ ಮುಖ ಕಪ್ಪಿಟ್ಟಿತು. ಕಾರು ಕೊಡಲು ಒಪ್ಪಿದ. ತಾರೀಕು ಬರೆಸಲು ಇವರಿಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದ.

“ನಾನೇ ಸಾರ್,” ಎಂದರು ಮಾಮಾ, ತೆಲುಗಿನಲ್ಲಿ.

ಮಗನ ವಯಸ್ಸಿನ ಆ ಮ್ಯಾನೇಜರ್ ನನ್ನೆದುರೇ ಅವರನ್ನು ಬಾಯಿಗೆ ಬಂದಂತೆ ಬೈದ. ನಾನು ತುಟಿ ಬಿಚ್ಚಲಿಲ್ಲ. ಎಲ್ಲಿ ಮನಸ್ಸು ಬದಲಿಸಿ ಕಾರು ಕೊಡುವುದಿಲ್ಲ ಎನ್ನುತ್ತಾನೋ ಎಂಬ ಭಯ. ಬೀಗದ ಕೈ ಇಸಿದುಕೊಂಡು ಬಂದೆ.

ಮಾಮಾನನ್ನು ಹಳೆ ಕಾರುಗಳ ಯಾರ್ಡಿಗೆ ಹಾಕಿದ್ದಾರೆಂದು, ಮೊದಲ ಸರ್ವಿಸಿಗೆ ಹೋದಾಗ ಮೆಕ್ಯಾನಿಕ್ ಹೇಳಿದ. ಇಡೀ ದಿನ ಬಿಸಿಲಲ್ಲಿ ನಿಲ್ಲುವ ಕೆಲಸ. ನಮ್ಮ ಮನೆಗೆ ಬಂದಾಗ ಅವರು ಆ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಅವರಿಗೆ ನೋವಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಕೇಳಲು ನನಗೆ ಮುಖವಿರಲಿಲ್ಲ. ಕಾರಿನಲ್ಲಿ ಬಿಡುತ್ತೇನೆ ಬನ್ನಿ ಎಂದರೆ, “ಬಸ್ ಐತವ್ವ, ಸುಮ್ನ ಯಾಕ ತ್ರಾಸ,” ಎಂದು ಎದ್ದುಬಿಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಅದೇ ಕಾರು ಹತ್ತಿ ಹೊರಟೆ. ಅವರ ಗಲ್ಲಿಯ ತಿರುವಿನವರೆಗೆ ಬಂದವಳು ಆ ಕಾರನ್ನು ಅವರ ಬಾಗಿಲಿಗೆ ಒಯ್ಯಲು ಮನಸ್ಸು ಬಾರದೆ ಮುಂದೆ ಹೋದೆ. ಕಾರನ್ನು ರೈಲ್ವೆ ಸ್ಟೇಷನ್ ಹತ್ತಿರ ಬಿಟ್ಟು, ಅವರ ಮನೆಗೆ ನಡೆದುಕೊಂಡು ಹೋದೆ.