ಹಲ್ಲಕ್ಕ ಮತ್ತು ಕಲ್ಲಿಗಂಟಿದ ಹುಳುಗಳು

ಹಲ್ಲಕ್ಕ ಎಂಬ ಹೆಸರಿಟ್ಟವರು ಮಕ್ಕಳು. ಮೂರನೆಯ ಮಹಡಿಯ ಮಕ್ಕಳ ಹಲ್ಲಿನ ಕ್ಲಿನಿಕ್ಕಿಗೆ ಹದಿನೆಂಟು ವರ್ಷಗಳ ಹಿಂದೆ ನೆಲ ಒರೆಸಲು ಬಂದವರು ಅವರು. ಡಾಕ್ಟರಮ್ಮನ ಕೈ ನೋಡುತ್ತ ನೋಡುತ್ತಲೇ ಹಲ್ಲಿಗೆ ತುಂಬುವ ಸಿಮೆಂಟು ಕಲೆಸುವುದನ್ನೂ ಅಳುವ ಮಗುವಿನ ತಲೆಯನ್ನು ಅದುಮದೆ ಹಿಡಿಯುವುದನ್ನೂ ಕಲಿತರು. ಅವರ ಬಾಯಲ್ಲೇ ಎರಡು ಕಟ್ಟಿಸಿದ ಹಲ್ಲು. "ನಂದು ಉಳಿಸ್ಕೊಳ್ಳೋಕಾಗ್ಲಿಲ್ಲ, ಅದಕ್ಕೇ ನಿಮ್ಮದರ ಮೇಲೆ ಕಣ್ಣು" ಎಂದು ಮಕ್ಕಳನ್ನು ನಗಿಸುತ್ತಿದ್ದರು.

ಕಾಯುವ ಕೋಣೆಯಲ್ಲಿದ್ದ ಉಪ್ಪುನೀರಿನ ಮೀನಿನ ತೊಟ್ಟಿಯ ಉಸ್ತುವಾರಿಯೂ ಅವರದೇ. ಮನೆ ಬದಲಿಸುವಾಗ ಯಾರೋ ಕೊಟ್ಟುಹೋಗಿದ್ದರು: ಎರಡು ಕಿತ್ತಳೆ ಮೀನು, ಒಂದಿಷ್ಟು ಕಲ್ಲು, ಕಲ್ಲಿನ ಮೇಲೆ ಬೆರಳು ಬೆರಳಾಗಿ ಅರಳುವ ಹಸಿರು ಹವಳ. ಹಲ್ಲಕ್ಕ ಉಪ್ಪು ಅಳೆದು ಕಲೆಸುತ್ತಿದ್ದರು, ಆವಿಯಾದಷ್ಟು ಸಿಹಿನೀರು ತುಂಬುತ್ತಿದ್ದರು, ರಜೆಯ ದಿನವೂ ಬಂದು ಇಣುಕಿ ಹೋಗುತ್ತಿದ್ದರು. ಹಟ ಮಾಡದೆ ಬಾಯಿ ತೆರೆದ ಮಗು ಮೀನಿಗೆ ಒಂದು ಚಿಟಿಕೆ ಆಹಾರದ ಪುಡಿ ಹಾಕಬಹುದು ಎಂಬ ಪದ್ಧತಿ ತಂದದ್ದೂ ಅವರೇ.

ಆ ಚಿಟಿಕೆಯನ್ನೇ ನಂಬಿಕೊಂಡು ಗುಬ್ಬಿಯ ಅಮ್ಮ ಒಂದು ವಾರ ದೂಡಿದ್ದಳು. ಗುಬ್ಬಿಗೆ ನಾಲ್ಕು ವರ್ಷ. ಕೆಳದವಡೆಯ ಹಲ್ಲೊಂದು ಹುಳುಕಾಗಿ ವಸಡು ಊದಿಕೊಂಡಿತ್ತು. ಮೊದಲ ಸಲ ತುಟಿ ಹೊಲಿದವಳಂತೆ ಕೂತಳು. ಎರಡನೆಯ ಸಲ ಡಾಕ್ಟರಮ್ಮನ ಬೆರಳು ಕಚ್ಚಿದಳು. "ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲಾಂದ್ರೆ ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಪೂರ್ತಿ ಮಂಪರು ಕೊಟ್ಟು ಮಾಡ್ಬೇಕಾಗುತ್ತೆ" ಎಂದು ಡಾಕ್ಟರಮ್ಮ ಅಲ್ಲಿ ದಿನವನ್ನೂ ಗೊತ್ತುಮಾಡಿಸಿದ್ದರು. ಮಂಪರು ಎಂದ ಕೂಡಲೇ ತಾಯಿ ಫೋನು ಕೈಗೆತ್ತಿಕೊಂಡಿದ್ದಳು. ಅದರಲ್ಲಿ ಓದಬಾರದ್ದನ್ನೆಲ್ಲ ಓದಿದಳು. "ನೀನು ಓದೋದು ಬಿಟ್ರೆ ಅರ್ಧ ಕಾಯಿಲೆ ವಾಸಿಯಾಗುತ್ತೆ" ಎಂದು ಗಂಡ ರೇಗಿದ. ಅವಳಿಗೆ ಉಳಿದಿದ್ದ ಒಂದೇ ಆಸೆಯೆಂದರೆ, ಕ್ಲಿನಿಕ್ಕಿನಲ್ಲಿ ಯಾವುದೋ ಹುಡುಗಿ ಮೀನಿಗೆ ಪುಡಿ ಹಾಕುವುದನ್ನು ನೋಡಿ ಗುಬ್ಬಿ "ಮುಂದಿನ ಸಲ ನಾನೂ" ಎಂದಿದ್ದು. ವಾರವಿಡೀ ಬಕೆಟ್ಟಿನ ನೀರಿಗೆ ಚಿಟಿಕೆ ಚಿಟಿಕೆ ಸಕ್ಕರೆ ಹಾಕಿಸಿ, "ಆ" ಅನ್ನಿಸಿ ತಾಲೀಮು ನಡೆದಿತ್ತು.

ಮೂರನೆಯ ಸಲ ಬಂದಾಗ ತೊಟ್ಟಿಯ ಗಾಜಿಗೆ ಚೀಟಿ ಅಂಟಿತ್ತು: ಮೀನಿಗೆ ಯಾರೂ ಆಹಾರ ಹಾಕಬಾರದು.

"ಅಕ್ಕಾ, ಇದೇನಿದು? ಇದನ್ನೇ ಹೇಳಿ ಹೇಳಿ ಒಪ್ಪಿಸಿ ಕರ್ಕೊಂಡು ಬಂದಿದೀನಿ. ಒಂದೇ ಒಂದು ಚಿಟಿಕೆ ಹಾಕ್ಲಿ!"

"ಎಲ್ರೂ ಒಂದೇ ಒಂದು ಚಿಟಿಕೆ ಅಂತಾನೇ ಹಾಕಿದ್ದು ತಾಯಿ. ಇಲ್ನೋಡಿ."

ಹಲ್ಲಿಗೆ ಕಟ್ಟಿದ ಗಾರೆಯಂತೆ ಕಲ್ಲಿನ ತುಂಬ ಸುಣ್ಣದ ಸಣ್ಣ ಸಣ್ಣ ಕೊಳವೆಗಳು. ಒಂದೊಂದರ ಬಾಯಿಂದಲೂ ಜೇಡನ ಎಳೆಯಂಥ ಲೋಳೆ ತೇಲುತ್ತಿತ್ತು.

"ಇವೂ ಬಸವನಹುಳುಗಳೇ. ಆದ್ರೆ ತೆವಳಲ್ಲ, ಕಲ್ಲಿಗೆ ಅಂಟ್ಕೊಂಡು ಕೂತಲ್ಲೇ ಬಲೆ ಬೀಸ್ತವೆ. ಮೀನು ತಿಂದು ಮಿಕ್ಕಿದ ಪುಡಿಯೆಲ್ಲ ಇವುಗಳ ಹೊಟ್ಟೆಗೆ. ಆ ಬಲೆ ತಾಗೀ ತಾಗೀ ಹವಳ ಮೂರು ವಾರದಿಂದ ಮುದುಡ್ಕೊಂಡಿದೆ. ತಪ್ಪು ನಂದೇ. ಮಕ್ಕಳು ನಗ್ಲಿ ಅಂತ ಹೋಗಿ ಈ ಶನಿಗಳಿಗೆ ದಿನಾ ಔತಣ ಹಾಕ್ಬಿಟ್ಟೆ."

"ನಿಮ್ಮ ಹವಳಕ್ಕಿಂತ ನನ್ನ ಮಗು ಕಡಿಮೆನಾ?" ಎಂದುಬಿಟ್ಟಳು ಗುಬ್ಬಿಯ ಅಮ್ಮ. ಅಂದ ಮೇಲೆ ತನಗೇ ನಾಚಿಕೆಯಾಯಿತು.

ಹಲ್ಲಕ್ಕ ಸಿಟ್ಟಾಗಲಿಲ್ಲ. "ಯಾರು ಹಾಗಂದ್ರು? ಕೂತ್ಕೊಳ್ಳಿ, ಮೊದ್ಲು ಸ್ವಲ್ಪ ಉಸಿರಾಡಿ."

ಅಷ್ಟರಲ್ಲಿ ಗುಬ್ಬಿ ಗಾಜಿಗೆ ಮೂಗೊತ್ತಿ ನಿಂತಿದ್ದಳು. "ಇವು ಯಾಕೆ ಬಾಯಿ ತೆಕ್ಕೊಂಡಿವೆ?"

"ಹಟ ಕಣೇ. ಮುಚ್ಕೊಳ್ಳಿ ಅಂದ್ರೆ ಕೇಳಲ್ಲ. ಅದಕ್ಕೇ ನಾನೇ ಮುಚ್ತೀನಿ."

ಡಾಕ್ಟರಮ್ಮ ಬಿಸಾಡಿದ್ದ ಮೊಂಡು ಕೊಕ್ಕೆಯೊಂದನ್ನು ಕಡ್ಡಿಗೆ ಕಟ್ಟಿಕೊಂಡಿದ್ದರು ಹಲ್ಲಕ್ಕ. ತೋಳು ಮುಳುಗಿಸಿ, ಒಂದು ಕೊಳವೆಯ ಅಂಚು ಮುರಿದು, ಹುಳುಕಿಗೆ ಸಿಮೆಂಟು ತುಂಬುವಂತೆಯೇ ಗಟ್ಟಿ ಅಂಟಿನ ಒಂದು ತೊಟ್ಟು ಇಟ್ಟು ಅದುಮಿದರು. ಲೋಳೆಯ ಎಳೆ ಅಲ್ಲಿಗೇ ನಿಂತಿತು. ಗುಬ್ಬಿಯ ಕೈಗೂ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದು ಬಂತು. ಸ್ಟೂಲು ಹತ್ತಿ, ಅದನ್ನು ನೀರೊಳಗೆ ತೂರಿಸಿ ಕಲ್ಲಿನ ಅಡಿ ಹುಡುಕಿದವಳು ಕಿರುಚಿಯೇಬಿಟ್ಟಳು. "ಅಲ್ಲೊಂದು! ದೊಡ್ಡದು!"

"ಅಯ್ಯೋ, ಇದು ಇವರೆಲ್ಲರ ಅಜ್ಜ! ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ ನೋಡು."

"ಅವನ ಬಾಯಿ ಮುಚ್ಚು."

"ಅವನು ತೆಗೆಯೋದರಲ್ಲಿ ಹಟಮಾರಿ, ನೀನು ಮುಚ್ಚೋದರಲ್ಲಿ. ಯಾರಿಗೆ ಅಂತ ಬುದ್ಧಿ ಹೇಳ್ಲಿ?"

ಗುಬ್ಬಿ ಕನ್ನಡಿಯಲ್ಲಿ ಅಜ್ಜನನ್ನು ಇನ್ನೊಮ್ಮೆ ನೋಡಿದಳು. "ನಾನು ತೆಗೆದ್ರೆ ನೀನು ಅವನದ್ದು ಮುಚ್ತೀಯಾ?"

ಈ ಉಪಾಯ ಹಲ್ಲಕ್ಕನಿಗೂ ಹೊಳೆದಿರಲಿಲ್ಲ. ಅವರು ತಾಯಿಯತ್ತ ನೋಡಿ ಹುಬ್ಬು ಹಾರಿಸಿದರು. "ಇಬ್ರೂ ಸೇರಿ ಮುಚ್ಚೋಣ. ಕನ್ನಡಿ ನೀನೇ ಹಿಡೀಬೇಕು, ಒಪ್ಪಿಗೆನಾ?"

ಡಾಕ್ಟರಮ್ಮನ ಕೋಣೆಯೊಳಗೆ ಗುಬ್ಬಿಯ ಅಮ್ಮ ಮೂಲೆಯಲ್ಲಿ ಸೆರಗಿನ ತುದಿ ಹಿಂಡುತ್ತ ಕೂತಳು. ಮಗಳ ಮುಖ ನೋಡುವ ಧೈರ್ಯವಿಲ್ಲದೆ, ಅವಳ ತಲೆಯ ಕೆಳಗಿದ್ದ ಹಲ್ಲಕ್ಕನ ಒದ್ದೆ ಕೈಯನ್ನೇ ನೋಡಿದಳು. ಯಂತ್ರ ಗುಂಯ್ಯೆಂದಾಗ ಗುಬ್ಬಿಯ ಕಾಲು ಒಮ್ಮೆ ಕೊಸರಿತು. "ಅಜ್ಜ ಕಾಯ್ತಿದಾನಮ್ಮ" ಎಂದರು ಹಲ್ಲಕ್ಕ, ಮೆಲ್ಲಗೆ. ಕಾಲು ಸುಮ್ಮನಾಯಿತು. ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಕೈಗವಸು ಬಿಚ್ಚಿದರು. "ಮುಗೀತು. ದೊಡ್ಡಾಸ್ಪತ್ರೆಗೆ ಬರಲ್ಲ ಅಂತ ಫೋನ್ ಮಾಡ್ಬಿಡಿ."

ಅಜ್ಜನ ಬಾಯಿ ಮುಚ್ಚುವ ಕೆಲಸ ಅತ್ತ ಸಂಭ್ರಮದಿಂದ ನಡೆಯುತ್ತಿರುವಾಗ ಇತ್ತ ಗುಬ್ಬಿಯ ಅಮ್ಮ ಮೆಟ್ಟಿಲ ಬಳಿ ನಿಂತು ಫೋನು ಮಾಡಿದಳು.

"ಯಾಕೆ ಬರಲ್ಲ ಮೇಡಂ? ಕಾರಣ ಬರ್ಕೋಬೇಕು" ಎಂದಿತು ಆ ಕಡೆಯ ದನಿ.

"ಬಾಯಿ ತೆಗೆದ್ಳು" ಎಂದಳು. ಮುಂದಿನ ಮಾತು ಅಳುವಿನಲ್ಲಿ ಮುಳುಗಿತು. ಆ ಕಡೆಯವರು ಏನು ಬರೆದುಕೊಂಡರೋ ದೇವರೇ ಬಲ್ಲ.

ಕಣ್ಣೊರೆಸಿಕೊಂಡು ಒಳಬಂದಾಗ ಹಲ್ಲಕ್ಕನ ಕೈ ಇನ್ನೂ ತೊಟ್ಟಿಯಲ್ಲೇ ಇತ್ತು. ದಿನಾ ಊಟದ ಬಿಡುವಿನಲ್ಲಿ ಅವರು ಇಪ್ಪತ್ತು ಹುಳುಗಳನ್ನಾದರೂ ಮುಗಿಸುತ್ತಿದ್ದರು. ಹವಳ ಅರಳುವುದೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಆದರೆ ತುದಿಯಲ್ಲಿ ಹವಳದ ಒಂದು ಬೆರಳು ಕೂದಲೆಳೆಯಷ್ಟು ಹೊರಬಂದಿದೆ ಎಂದು ಆ ದಿನ ಬೆಳಿಗ್ಗೆಯಿಂದ ಎಲ್ಲರಿಗೂ ತೋರಿಸುತ್ತಿದ್ದರು.

"ಅಕ್ಕಾ, ಆಗ ಹಾಗಂದೆ, ತಪ್ಪು ತಿಳ್ಕೋಬೇಡಿ. ನೀವು ಇವತ್ತು ಮಾಡಿದ ಉಪಕಾರ..."

"ಹಲ್ಲಿಗೆ ಔಷಧಿ ಇಟ್ಟೋರು ಡಾಕ್ಟರಮ್ಮ, ಉಪಾಯ ಹೇಳಿದ್ದು ನಿಮ್ಮ ಮಗಳು. ನಂದೇನಿದೆ? ಒಂದು ಗಂಟೆ ಅವಳಿಗೆ ತಿನ್ನೋಕೆ ಏನೂ ಕೊಡ್ಬೇಡಿ. ಮನೆಗೆ ಅವಸರ ಇಲ್ಲಾಂದ್ರೆ ಈ ಟಾರ್ಚ್ ಸ್ವಲ್ಪ ಹಿಡ್ಕೊಳ್ಳಿ, ಆ ಸಂದೀಲಿ ನನಗೆ ಕಾಣ್ಸಲ್ಲ."

ಮನೆಯಲ್ಲಿ ರಾಶಿ ಕೆಲಸ ಬಿದ್ದಿತ್ತು. ಗುಬ್ಬಿಯ ಅಮ್ಮ ಕೈಚೀಲ ಕುರ್ಚಿಯ ಮೇಲಿಟ್ಟು, ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿನ ಪಕ್ಕ ಮೊಣಕಾಲೂರಿದಳು.

"ಇನ್ನೂ ಸ್ವಲ್ಪ ಎಡಕ್ಕೆ" ಎಂದರು ಹಲ್ಲಕ್ಕ. "ಹಾಂ, ಅಲ್ಲೇ."