ಕೆಂಪಾಜಮ್ಮ ಅಟ್ಟಕ್ಕೇರಿಸಿದ ನಲವತ್ಮೂರು ಚಿತ್ರಗಳು

ಬೆಳಗಿನ ಆರೂವರೆ. ನಂಜನಗೂಡಿನಲ್ಲಿ ಹೊಳೆಗೆ ಇಳಿಯುವ ಬೀದಿಯ ಹಳೇ ಅಕ್ಕಿ ಗೋದಾಮಿನ ಬಾಗಿಲು ತೆಗೆದು, ಕೆಂಪಾಜಮ್ಮ ಹೊಸಿಲಲ್ಲೇ ನಿಲ್ಲುತ್ತಾರೆ. ಪೊರಕೆ ಇನ್ನೂ ಕಂಕುಳಲ್ಲೇ ಇದೆ. ಕಣ್ಣು ಗೋಡೆಯ ಮೇಲಿದೆ.

"ನೋಡಿ ಸಾ, ಮೂರ್ನೇದು ಎಡಕ್ಕೆ ವಾಲ್ಕಂಡದೆ. ನೆನ್ನೆ ಸಂಜೆ ಸರಿಯಾಗಿತ್ತು. ನೋಡಕ್ ಬಂದೋರು ಮುಟ್ಟಲ್ಲ. ಬರ್ದೋರೇ ಬಂದು ಮುಟ್ಟಿರ್ತಾರೆ."

ಗೋದಾಮು ಈಗ ಗ್ಯಾಲರಿ. ನಂಜನಗೂಡು, ತಿ. ನರಸೀಪುರ ತಾಲೂಕುಗಳ ಹದಿನಾಲ್ಕು ಕಲಾವಿದರು ಒಟ್ಟಾಗಿ ನಡೆಸುವ ಸಹಕಾರ ಸಂಘ. ನಿಯಮದ ಪ್ರಕಾರ ಪ್ರತಿಯೊಬ್ಬರೂ ಸರದಿಯಂತೆ ಬಂದು ಕೂರಬೇಕು, ಬಂದವರಿಗೆ ಚಿತ್ರ ತೋರಿಸಬೇಕು. ಈ ಸೋಮವಾರದ ಸರದಿ ಸೋಸಲೆ ಊರಿನ ಕಲಾವಿದರೊಬ್ಬರದ್ದು. ಬೆಳಗಿನ ಬಸ್ ತಪ್ಪಿತೆಂದು ಆಗಲೇ ಫೋನ್ ಬಂದಿದೆ. ಹೋದ ಸರದಿಯಲ್ಲೂ ತಪ್ಪಿತ್ತಂತೆ. "ಸಹಕಾರ ಅಂತ ಬೋರ್ಡಲ್ಲಿ ಬರ್ದವ್ರೆ. ದೊಡ್ಡಕ್ಷರದಲ್ಲೇ ಬರ್ದವ್ರೆ," ಎಂದು ಕೆಂಪಾಜಮ್ಮ ಗುಡಿಸಲು ತೊಡಗುತ್ತಾರೆ.

ಐವತ್ತೇಳರ ಈಕೆ ತಾಂಡವಪುರದವರು. ಹತ್ತೊಂಬತ್ತು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ನಿಂತೇ ದುಡಿದವರು. ದಿನಕ್ಕೆ ಆರುನೂರು ಅಂಗಿ. ಹೊಲಿಗೆ ಎಲ್ಲಿ ಸೊಟ್ಟಗಿದ್ದರೂ ಹಿಡಿಯಬೇಕು. ಮಂಡಿ ಸವೆದ ಮೇಲೆ ಕೆಲಸ ಹೋಯಿತು, ಆದರೆ ಆ ಕಣ್ಣು ಉಳಿಯಿತು. ಎಂಟು ವರ್ಷದ ಹಿಂದೆ ಕಸ ಗುಡಿಸಲು ಸೇರಿದ ಇವರೇ ಈಗ ಇಲ್ಲಿ ಚಿತ್ರ ಇಳಿಸುತ್ತಾರೆ, ತೂಗುಹಾಕುತ್ತಾರೆ, ಗೆದ್ದಲು ನೋಡುತ್ತಾರೆ, ಜಗಳ ಬಿಡಿಸುತ್ತಾರೆ. ಜಗಳವೆಲ್ಲ ಬಾಗಿಲಿಗೆ ಎದುರಾಗುವ ಗೋಡೆಗಾಗಿ. ಹದಿನಾಲ್ಕು ಮಂದಿಗೂ ಅದೇ ಬೇಕು. ದಿನಕ್ಕೆ ಹತ್ತು ಹನ್ನೆರಡು ಜನ ಒಳಗೆ ಬರುತ್ತಾರೆ. ಅವರಲ್ಲಿ ನಾಲ್ವರು ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಬಂದವರು.

ಎರಡು ವರ್ಷದ ಹಿಂದಿನ ಜುಲೈ ತಿಂಗಳ ಮಾತು ಬಂದರೆ ಮಾತ್ರ ಅವರು ಪೊರಕೆ ಕೆಳಗಿಡುತ್ತಾರೆ. ಅವತ್ತು ಬೆಳಿಗ್ಗೆ ಕಪಿಲೆ ಉಕ್ಕಿ ಬೀದಿಗೆ ಬಂದಿದ್ದಳು. ನೀರು ಗೋದಾಮಿನ ಮೆಟ್ಟಿಲು ಮುಟ್ಟಿತ್ತು. ಒಳಗಿದ್ದದ್ದು ನಲವತ್ಮೂರು ಚಿತ್ರ ಮತ್ತು ಕೆಂಪಾಜಮ್ಮ. ಆಕೆ ಕಲಾವಿದರಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿದರು.

"ಒಬ್ರಾದ್ರೂ 'ನೀನು ಉಷಾರಾಗಿದ್ದೀಯಾ' ಅಂತ ಕೇಳ್ಲಿಲ್ಲ ಸಾ. 'ನಂದು ಮೊದ್ಲು ಎತ್ತು, ನಂದು ಮೊದ್ಲು ಎತ್ತು' ಅಂದ್ರು. ಆಮೇಲೆ ಫೋನ್ ಕಟ್ ಮಾಡ್ದೆ. ಕೆಳಗೆ ನೇತಾಕಿದ್ದೋವ್ನ ಮೊದ್ಲು ಎತ್ತಿದೆ. ನೀರಿಗೆ ಯಾರ ಹೆಸರು ಗೊತ್ತು?"

ಸವೆದ ಮಂಡಿಯಲ್ಲಿ ಏಣಿ ಹತ್ತಿ ಇಳಿದು, ಒಂದೊಂದಾಗಿ ಎಲ್ಲವನ್ನೂ ಅಟ್ಟಕ್ಕೆ ಸೇರಿಸಿದರು. ಕೊನೆಯದನ್ನು ಎತ್ತುವಾಗ ನೀರು ಮೊಣಕಾಲಿಗೆ ಬಂದಿತ್ತು. ಹನ್ನೊಂದು ಗಂಟೆಗೆ ಮೂವರು ಕಲಾವಿದರು ಪ್ಯಾಂಟು ಮಡಚಿಕೊಂಡು ಬಂದರು. ಅವರಲ್ಲಿ ಒಬ್ಬರು ಶಿವಮಲ್ಲಪ್ಪ. ಅಟ್ಟ ಹತ್ತಿ ತಮ್ಮ ಚಿತ್ರ ಹುಡುಕಿದರು. ಚೌಕಟ್ಟಿನ ಒಂದು ಮೂಲೆ ಮುರಿದಿತ್ತು. "ಸ್ವಲ್ಪ ನೋಡ್ಕೊಂಡು ಎತ್ತಬಾರದಿತ್ತಾ?" ಎಂದರು.

ಕೆಂಪಾಜಮ್ಮ ಬೀಗದ ಕೈಯನ್ನು ಅವರ ಅಂಗೈಗಿಟ್ಟು, ಒದ್ದೆ ಸೀರೆಯಲ್ಲೇ ಊರಿಗೆ ಹೊರಟುಬಿಟ್ಟರು.

ನೀರಿಳಿದ ಮೇಲೆ ಹನ್ನೊಂದು ದಿನ ಗ್ಯಾಲರಿ ತೆರೆಯಲಿಲ್ಲ. ಕೆಸರು ಯಾರು ಬಳಿಯಬೇಕು ಎಂದು ಎರಡು ಸಭೆ ನಡೆದವು. ಹನ್ನೆರಡನೆಯ ದಿನ ಸಂಘದ ಅಧ್ಯಕ್ಷ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅಮೃತೇಶ್, ಶಿವಮಲ್ಲಪ್ಪನವರನ್ನೂ ಕರೆದುಕೊಂಡು ತಾಂಡವಪುರಕ್ಕೆ ಹೋದರು. ಕೆಂಪಾಜಮ್ಮ ಕಾಫಿ ಕೊಟ್ಟು ಎರಡೇ ಮಾತು ಹೇಳಿದರು: ಯಾವ ಚಿತ್ರ ಯಾವ ಗೋಡೆಗೆ ಅಂತ ತಾನೇ ಹೇಳಬೇಕು, ಸರದಿಯವರು ಒಂಬತ್ತಕ್ಕೆ ಬಂದು ಕೂರಬೇಕು.

"ನಮ್ಮಲ್ಲಿ ಹದಿನಾಲ್ಕು ಅಭಿಪ್ರಾಯ. ಗ್ಯಾಲರಿ ನಡೀತಿರೋದು ಆಕೆಯ ಒಂದು ತೀರ್ಮಾನದಿಂದ," ಎನ್ನುತ್ತಾರೆ ಅಮೃತೇಶ್. ಮೊದಲನೆಯ ಷರತ್ತು ಇವತ್ತಿಗೂ ನಡೆಯುತ್ತಿದೆ. ಎರಡನೆಯದನ್ನು ತಪ್ಪದೆ ಪಾಲಿಸುತ್ತಿರುವವರು ಒಬ್ಬರೇ, ಶಿವಮಲ್ಲಪ್ಪ. ತಮ್ಮ ಸರದಿಯ ದಿನ ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ಕೂರುತ್ತಾರೆ.

"ಮಿಕ್ಕೋರದ್ದೂ ಒಂದೊಂದು ಮೂಲೆ ಮುರೀಬೇಕಾಗಿತ್ತು," ಎಂದು ಕೆಂಪಾಜಮ್ಮ ನಗದೇ ಹೇಳುತ್ತಾರೆ.

ಗಂಟೆ ಹತ್ತಾಗುತ್ತದೆ. ಸೋಸಲೆಯವರ ಸುಳಿವಿಲ್ಲ. ಶಾಲೆಯ ಮೇಡಂ ಒಬ್ಬರು ಮಕ್ಕಳ ಸಾಲಿನೊಂದಿಗೆ ಬಾಗಿಲಿಗೆ ಬರುತ್ತಾರೆ. ಬೇರೆ ಯಾರೂ ಇಲ್ಲವಾದ್ದರಿಂದ ಕೆಂಪಾಜಮ್ಮನೇ ಸೆರಗಿಗೆ ಕೈ ಒರೆಸಿಕೊಂಡು ಚಿತ್ರ ತೋರಿಸುತ್ತಾರೆ. ಮಕ್ಕಳು ಹೋದ ಮೇಲೆ ಕೇಳುತ್ತೇನೆ, ನಿಮಗೆ ಯಾವ ಚಿತ್ರ ಇಷ್ಟ?

"ಹೇಳಿದ್ರೆ ಮಿಕ್ಕ ಅದಿಮೂರು ಜನ ನನ್ನ ಬಿಡ್ತಾರಾ?" ಎಂದು ರೇಗುತ್ತಾರೆ. ಆಮೇಲೆ ತಾವಾಗಿಯೇ ಮಾತು ಮುಂದುವರಿಸುತ್ತಾರೆ.

"ಒಂದಿನ ರಜಾ ಆಕ್ಬೇಕು ಸಾ. ಊರಿಗೆ ಓಗಕ್ಕಲ್ಲ, ಇಲ್ಲಿಗೇ ಬರಕ್ಕೆ. ಒಳ್ಳೆ ಸೀರೆ ಉಟ್ಕಂಡು, ಬಂದೋರ ಪುಸ್ತಕದಲ್ಲಿ ಹೆಸರು ಬರ್ದು, ನಿಧಾನಕ್ಕೆ ಒಂದೊಂದೇ ನೋಡ್ಬೇಕು. ಎಂಟು ವರ್ಷದಿಂದ ವಾಲಿರೋದು, ಧೂಳಾಗಿರೋದು, ಇದೇ ನೋಡ್ದೆ. ಏನು ಬರ್ದವ್ರೆ ಅಂತ ನೋಡಕ್ಕೆ ಪುರಸೊತ್ತೇ ಆಗಿಲ್ಲ."