ಕೌದಿ ವ್ಯಾಪಾರದ ನೋಂದಣಿ

ಆಗ ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮನೆ ಅಲೆವೂರಿನಲ್ಲಿ. ನಮ್ಮ ಹಿತ್ತಿಲಿನ ಆಚೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿದ್ದವು. ಒಂದರಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಗಂಡ, ಮಗಳ ಜೊತೆ ಇದ್ದಳು. ಗಂಡನಿಗೆ ಗಾರೆ ಕೆಲಸ. ಆಕೆ ಬೆಳಿಗ್ಗೆ ನಾಲ್ಕು ಮನೆಗಳ ಪಾತ್ರೆ ತೊಳೆದು ಬಂದು, ಮಧ್ಯಾಹ್ನ ನೆರಳಿನಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು.

ದುಬೈಯಲ್ಲಿದ್ದ ನನ್ನ ಚಿಕ್ಕಮ್ಮನ ಮಗಳು ತೀರಿಹೋದ ತಾಯಿಯ ಸೀರೆಗಳನ್ನು ಏನು ಮಾಡುವುದೆಂದು ತಿಳಿಯದೆ ಕುಳಿತಿದ್ದಳು. ಅವನ್ನು ಶೆಡ್ಡಿನ ಆ ಹೆಂಗಸಿನ ಕೈಯಲ್ಲಿ ಕೌದಿ ಮಾಡಿಸಿ ಕಳಿಸಿದೆ. ಅದನ್ನು ಕಂಡ ಅವಳ ಗೆಳತಿಯರೂ ಕೇಳಿದರು. ಕಂಪ್ಯೂಟರ್ ಬಲ್ಲ ಸಹೋದ್ಯೋಗಿಯೊಬ್ಬಳು ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟಳು. ವರ್ಷ ಕಳೆಯುವಷ್ಟರಲ್ಲಿ ಶಿರ್ವದಿಂದ, ಕಾಪುವಿನಿಂದ, ಗಲ್ಫಿನಿಂದ ಸೀರೆಯ ಕಟ್ಟುಗಳು ಬರತೊಡಗಿದವು. ಹೆಚ್ಚಿನವು ಸತ್ತವರ ಸೀರೆಗಳೇ. ಕತ್ತರಿ ಹಾಕುವ ಮೊದಲು ಆಕೆ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದಳು. “ಈ ತಾಯಿ ಮಲ್ಲಿಗಿ ಭಾಳ ಮುಡೀತಿದ್ಲು ಕಾಣಸ್ತೈತ್ರಿ,” ಎನ್ನುತ್ತಿದ್ದಳು. ಬಂದದ್ದರಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದೆ. ಅದರಲ್ಲಿ ನಾನು ಮೋಸ ಮಾಡಲಿಲ್ಲ.

ಆದಾಯ ತೆರಿಗೆಯ ಹೆದರಿಕೆ ಹುಟ್ಟಿದ್ದು ಆಮೇಲೆ. ಸಂಬಳಕ್ಕೆ ಕಚೇರಿಯೇ ತೆರಿಗೆ ಹಿಡಿಯುತ್ತಿತ್ತು. ನೌಕರರು ಬೇರೆ ವ್ಯಾಪಾರ ಮಾಡುವಂತಿಲ್ಲ; ಇದನ್ನು ಎಲ್ಲಿ ತೋರಿಸುವುದು? ನನ್ನ ಮೇಲಧಿಕಾರಿಯನ್ನೇ ಕೇಳಿದೆ. ಅವರು ಧ್ವನಿ ತಗ್ಗಿಸಿ ಹೇಳಿದರು: “ಗಂಡನ ಹೆಸರಿನಲ್ಲಿ ಮಾಡಿ ಮಾರಾಯ್ರೆ. ಎಲ್ಲರೂ ಹಾಗೆಯೇ ಮಾಡುವುದು. ಕಚೇರಿಗೆ ಎಂತ ಗೊತ್ತಾಗ್ತದೆ?”

ನನಗೆ ಸಿಟ್ಟು ಬಂತು. ಪತ್ರಕ್ಕೆ ಉತ್ತರ ಬರೆಯುವವಳು ನಾನು, ಅಂಚೆ ಕಚೇರಿಯಲ್ಲಿ ಸಾಲು ನಿಲ್ಲುವವಳು ನಾನು. ಕೌದಿಯ ಅಗಲ ಎಷ್ಟೆಂದು ತಿಳಿಯದ ಗಂಡ ಹೇಗೆ ಮಾಲೀಕನಾದಾನು? ಉದ್ಯೋಗದ ಜೊತೆಗೆ ಸಣ್ಣ ವ್ಯಾಪಾರ ನಡೆಸಲು ಅನುಮತಿ ಕೇಳಿ ಅರ್ಜಿ ಬರೆದೆ. ಒಮ್ಮೆ ತಿರಸ್ಕರಿಸಿದರು. ಮತ್ತೆ ಬರೆದೆ. ಮೂರನೆಯ ಸಲ, ಕಚೇರಿ ಸಮಯದಲ್ಲಿ ಮಾಡಬಾರದೆಂಬ ಷರತ್ತಿನೊಂದಿಗೆ ಅನುಮತಿ ಸಿಕ್ಕಿತು. ಆ ಪತ್ರವನ್ನು ಹಿಡಿದುಕೊಂಡು ವ್ಯಾಪಾರದ ನೋಂದಣಿಗೆ ಉಡುಪಿಯ ಲೆಕ್ಕಪರಿಶೋಧಕರಲ್ಲಿಗೆ ಹೋದ ದಿನದಷ್ಟು ನಾನು ಎಂದೂ ಬೀಗಿರಲಿಲ್ಲ.

ಹೋಗುವ ಮುನ್ನ ಕೌದಿ ಹೊಲಿಯುವಾಕೆ ಕೇಳಿದ್ದಳು. “ಅದರಾಗ ನನ್ನ ಹೆಸರೂ ಬರತೈತೇನ್ರೀ?”

“ನಿನಗೆ ಇಲ್ಲಿಯ ರೇಷನ್ ಕಾರ್ಡು ಉಂಟಾ? ಪಾನ್ ಕಾರ್ಡು? ಅದೆಲ್ಲ ರಗಳೆ. ಆಮೇಲೆ ನೋಡುವ,” ಎಂದೆ.

ಲೆಕ್ಕಪರಿಶೋಧಕರು ಕೇಳಿದ್ದು ಒಂದೇ ಪ್ರಶ್ನೆ. “ಒಬ್ಬರೇ ಮಾಲೀಕರಾ, ಪಾಲುದಾರರು ಉಂಟಾ?”

“ಒಬ್ಬಳೇ.” ಅಷ್ಟು ಸಲೀಸಾಗಿ ಬಾಯಿಂದ ಬಂತು.

ನೋಂದಣಿ ಪತ್ರ ಬಂದಾಗ ಗಾಜಿನ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಿದೆ. ಆಕೆ ಕೈಯ ನೂಲು ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡಿದಳು. ಆಕೆಗೆ ಓದಲು ಬರುತ್ತಿರಲಿಲ್ಲ.

ಮರುವರ್ಷ ಅವಳ ಮಗಳು ಏಳನೆಯ ತರಗತಿ ಮುಗಿಸಿದಳು. ಶೆಡ್ಡಿನವರ ಕೆಲಸ ಇಲ್ಲಿ ತೀರುತ್ತ ಬಂದಿತ್ತು. ಕಂತ್ರಾಟುದಾರ ಎಲ್ಲರನ್ನೂ ಕಾರ್ಕಳಕ್ಕೆ ಸಾಗಿಸುವವನಿದ್ದ. ಮಗಳನ್ನು ಉಡುಪಿಯ ಒಂದು ಹಾಸ್ಟೆಲಿನಲ್ಲಿ ಬಿಟ್ಟರೆ ಓದು ನಿಲ್ಲದು ಎಂದು ಆಕೆ ಲೆಕ್ಕ ಹಾಕಿದ್ದಳು. ಅಲ್ಲಿ, ತಾಯಿ ತಂದೆ ಈ ಊರಿನಲ್ಲಿ ಏನು ಮಾಡುತ್ತಾರೆಂಬುದಕ್ಕೆ ಒಂದು ದಾಖಲೆ ಕೇಳಿದರು. ಆಕೆ ಅಭಿಮಾನದಿಂದಲೇ ನನ್ನ ಬಳಿ ಬಂದು ಗೋಡೆಯ ಕಾಗದದ ಪ್ರತಿ ಬೇಡಿದಳು. ನಾನು ಕೆಲಸಕ್ಕೆ ಹೊರಟಿದ್ದೆ. ಏನೂ ಯೋಚಿಸದೆ ಜೆರಾಕ್ಸ್ ಪ್ರತಿ ಕೊಟ್ಟೆ.

ಸಂಜೆ ಬಸ್ಸಿನಿಂದ ಇಳಿದಾಗ ಆಕೆ ಗೇಟಿನ ಬಳಿ ನಿಂತಿದ್ದಳು. ಕಾಗದವನ್ನು ನಾಲ್ಕಾಗಿ ಮಡಚಿಟ್ಟುಕೊಂಡಿದ್ದಳು.

“ಇದರಾಗ ನಿಮ್ಮ ಹೆಸರು ಒಂದ ಐತಂತ್ರೀ, ಅಕ್ಕಾರ. ಕೌದಿ ಹೊಲಿಯಾಕಿ ನಾನ ಅಂತ ಹೇಳಿದೆ. ಹಂಗಂತ ಎಲ್ಲಿ ಬರದೈತಿ ಅಂತ ಕೇಳಿದ್ರು.”

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮರುದಿನವೇ ರಜೆ ಹಾಕಿ ಹಾಸ್ಟೆಲಿಗೆ ಓಡಿದೆ; ಸೀಟುಗಳು ತುಂಬಿದ್ದವು. ಪಾಲುದಾರಿಕೆ ಮಾಡಿಕೊಡಿ ಎಂದು ಲೆಕ್ಕಪರಿಶೋಧಕರಲ್ಲಿ ಕೇಳಿದೆ. “ಮಾಡುವ, ಅದಕ್ಕೆಂತ. ಅವರ ಪಾನ್ ಕಾರ್ಡು ಆಗಬೇಕು, ಒಂದೆರಡು ತಿಂಗಳು ಹಿಡಿದೀತು,” ಎಂದರು. ಆಕೆಯನ್ನು ಸ್ಟುಡಿಯೋಗೆ ಕರೆದೊಯ್ದು ಫೋಟೋ ತೆಗೆಸಿದೆ. ಅರ್ಜಿಗೆ ಆಕೆ ಹೆಬ್ಬೆಟ್ಟು ಒತ್ತಿದಳು. ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಕಾರ್ಡು ಬರುವ ಮೊದಲೇ ಲಾರಿ ಬಂತು. ಎರಡು ವಾರ ಬಿಟ್ಟು ಕಾರ್ಕಳಕ್ಕೆ ಹೋದೆ. ಅಲ್ಲಿಯ ಕೆಲಸ ಏನೋ ತಕರಾರಿನಲ್ಲಿ ನಿಂತು, ತಂಡ ಗೋವಾ ಕಡೆ ಹೋಗಿತ್ತು. “ಹುಡುಗಿಯೂ ಜೊತೆಗೇ ಹೋದಳು, ಜಲ್ಲಿ ಹೊರಲಿಕ್ಕೆ,” ಎಂದ ಅಲ್ಲಿನ ಕಾವಲುಗಾರ. ಹದಿಮೂರು ವರ್ಷದವಳು. ಅವರ ಬಳಿ ಫೋನ್ ಇರಲಿಲ್ಲ. ನಾನು ಬರೆದುಕೊಟ್ಟಿದ್ದ ನಮ್ಮ ಮನೆಯ ನಂಬರಿಗೆ ಕರೆ ಬರಲೇ ಇಲ್ಲ.

ಹೊರಡುವ ಮುನ್ನ ಆಕೆ ಒಂದು ಕೌದಿಯನ್ನು ಅರ್ಧ ಹೊಲಿದು ನಮ್ಮ ಜಗಲಿಯಲ್ಲಿಟ್ಟು ಹೋಗಿದ್ದಳು. ಸೂಜಿ ಅದರಲ್ಲೇ ಇತ್ತು. ಮುಂದುವರಿಸಲು ಕುಳಿತೆ, ನನ್ನ ಹೊಲಿಗೆ ಅವಳದರ ಪಕ್ಕದಲ್ಲಿ ಗೀಚಿದ ಹಾಗಿತ್ತು. ನನ್ನದನ್ನು ಬಿಚ್ಚಿ, ಕೌದಿಯನ್ನು ಹಾಗೆಯೇ ಸೀರೆ ಕಳಿಸಿದ್ದ ಶಿರ್ವದ ಮನೆಗೆ ಒಯ್ದು ಕ್ಷಮೆ ಕೇಳಿದೆ. ಆ ದೊಡ್ಡ ಮನೆಯ ಹಿರಿಯ ಹೆಂಗಸು ಗದರಲಿಲ್ಲ. “ನಮ್ಮ ಅತ್ತೆಯ ಸೀರೆ. ಅರ್ಧವಾದರೂ ಆಯಿತಲ್ವಾ,” ಎಂದು ಮಡಿಲಲ್ಲಿಟ್ಟುಕೊಂಡರು.

ವೆಬ್‌ಸೈಟನ್ನು ಮುಚ್ಚಿಸಿದೆ. ನೋಂದಣಿ ರದ್ದು ಮಾಡಲು ಅರ್ಜಿ ಕೊಟ್ಟಾಗ ಕಾರಣ ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. “ವೈಯಕ್ತಿಕ ಅಂತ ಹಾಕಿ, ಸಾಕು,” ಎಂದರು ಲೆಕ್ಕಪರಿಶೋಧಕರು. ಹಾಗೆಯೇ ಬರೆದೆ. ಮುಂದಿನ ವರ್ಷದ ತೆರಿಗೆ ಫಾರಂನಲ್ಲಿ ಸಂಬಳವನ್ನು ಮಾತ್ರ ತೋರಿಸಿದೆ.